ಪ್ರಕಾಶಮ್ಮನ ಸಪ್ಪೆ ನಾಲಿಗೆ

ನಮ್ಮೂರಿನಲ್ಲಿ ಬೆಳಿಗ್ಗೆ ಎದುರು ಸಿಕ್ಕವರು ನಮಸ್ಕಾರ ಹೇಳುವುದಿಲ್ಲ. "ಉಪ್ಪಾ?" ಎಂದು ಕೇಳುತ್ತಾರೆ. "ಉಪ್ಪೇ" ಎಂದು ಉತ್ತರ ಬಂದರೆ ಇಬ್ಬರೂ ನೆಮ್ಮದಿಯಾಗಿ ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಚರ್ಚಿನ ಹಿಂದೆ ಒಂದು ಬಾವಿ ಇದೆ. ಅದರ ನೀರು ಬಾಯಿಗಿಡಲಾಗದಷ್ಟು ಉಪ್ಪು. ಆದರೂ ಬೆಳಗಾಗುತ್ತಲೇ ಊರಿಗೆ ಊರೇ ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತದೆ. ಯಾರ ಬಾಯಿಗೆ ಆ ನೀರು ಸಿಹಿಯಾಗುತ್ತದೋ ಅವರಿಗೆ ಮೇಲಿನಿಂದ ಕರೆ ಬಂತು ಎಂದೇ ಅರ್ಥ. ಒಬ್ಬೊಬ್ಬರಿಗೆ ಒಂದು ವಾರ, ಒಬ್ಬೊಬ್ಬರಿಗೆ ಎರಡು ಮೂರು ದಿನ. ಬಾವಿ ಸುಳ್ಳಾಡಿದ್ದನ್ನು ನಮ್ಮ ತಾತಂದಿರೂ ಕಂಡಿರಲಿಲ್ಲ.

ನಾನು ಇನ್ನಾಸಿ. ಇದೇ ಊರಿನ ಕ್ಷೌರಿಕ. ನನ್ನ ಅಂಗಡಿಯ ಕನ್ನಡಿಯಲ್ಲಿ ಇಡೀ ಬೀದಿ ಕಾಣುತ್ತದೆ, ಕುರ್ಚಿಯಲ್ಲಿ ಕೂತವರ ಬಾಯಿಯಿಂದ ಉಳಿದದ್ದು ತಿಳಿಯುತ್ತದೆ. ಆದ್ದರಿಂದ ಪ್ರಕಾಶಮ್ಮನ ಕಥೆ ಹೇಳುವ ಅರ್ಹತೆ ನನಗಿದೆ ಅಂದುಕೊಂಡಿದ್ದೇನೆ. ಕಂಡಿದ್ದನ್ನು ಕಂಡ ಹಾಗೆ ಹೇಳುತ್ತೇನೆ, ಕಾಣದ್ದನ್ನು ಅವಳೇ ನನಗೆ ಹೇಳಿದ್ದಾಳೆ.

ಮೊದಲು ಬಾವಿಯಿಂದ ನಮಗಾಗಿದ್ದ ಅನುಕೂಲವನ್ನು ಹೇಳಬೇಕು. ಸಾಯುವ ಸುದ್ದಿ ಮುಂಚೆಯೇ ಸಿಗುವಾಗ ಒಳ್ಳೆಯವರಾಗುವುದಕ್ಕೆ ಅವಸರವೇನಿದೆ? ಅಣ್ಣತಮ್ಮಂದಿರು ಜಗಳವಾಡಿದರೆ "ನೀರು ಸಿಹಿಯಾಗಲಿ, ಆಮೇಲೆ ನೋಡ್ಕೊಳ್ಳೋಣ" ಎನ್ನುತ್ತಿದ್ದರು. ಅತ್ತೆಗೆ ಎದುರಾಡಿದ ಸೊಸೆಯೂ ಅದನ್ನೇ ಹೇಳುತ್ತಿದ್ದಳು, ಸೊಸೆಯನ್ನು ಹುರಿದು ಮುಕ್ಕಿದ ಅತ್ತೆಯೂ ಅದನ್ನೇ. ಫಾದರ್ ಮುಂದೆ ತಪ್ಪೊಪ್ಪಿಕೊಳ್ಳಲು ಯಾರೂ ಹೋಗುತ್ತಿರಲಿಲ್ಲವಾದ್ದರಿಂದ ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಪೊರಕೆಗಳನ್ನೂ ಮಡಿಸುವ ಕುರ್ಚಿಗಳನ್ನೂ ಇಟ್ಟಿದ್ದರು. ನೀರು ಸಿಹಿಯಾಯಿತೋ, ಆಗ ನೋಡಬೇಕು ನಮ್ಮ ಜನರ ಭಕ್ತಿಯನ್ನು. ಎಣ್ಣೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಮನೆಮನೆಗೂ ಹೋಗಿ ಕೈಮುಗಿಯುವರು. ಹಗೆಯವರು ತಬ್ಬಿಕೊಂಡು ಅಳುವರು. ಹೋಗುವವರಿಗೆ ಇಷ್ಟವಾದ ಪಾಯಸ ಮಾಡಿ ತಂದುಕೊಡುವರು. ಅದನ್ನು ನಾವು ಸಿಹಿಮಾತು ಎಂದು ಕರೆಯುತ್ತೇವೆ. ನೋಡುವುದಕ್ಕೆ ಬಹಳ ಚೆಂದ. ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದ್ದು ಮಾತ್ರ ಅಷ್ಟು ಚೆಂದವಿರುತ್ತಿರಲಿಲ್ಲ.

ಪ್ರಕಾಶಮ್ಮ ಮತ್ತು ಲೂರ್ದಮ್ಮ ಒಡಹುಟ್ಟಿದ ಅಕ್ಕತಂಗಿಯರು. ಎದುರುಬದುರು ಮನೆ, ಇಬ್ಬರೂ ಗಂಡನನ್ನು ಕಳೆದುಕೊಂಡವರು. ಊರಿನ ಮದುವೆ, ನಾಮಕರಣ, ಚರ್ಚಿನ ಹಬ್ಬದೂಟ ಎಲ್ಲಕ್ಕೂ ಇವರದ್ದೇ ಅಡುಗೆ. ಬೆಂಕಿ, ಮಸಾಲೆ ಅಕ್ಕನದು, ಉಪ್ಪು ತಂಗಿಯದು. ಉಪ್ಪು ಹಾಕುವ ಕೈ ಒಂದೇ ಇರಬೇಕು ಎಂಬುದು ಅವರ ತಾಯಿ ಕಲಿಸಿದ ಪಾಠ. ಒಂದು ವರ್ಷ ಚರ್ಚಿನ ಹಬ್ಬಕ್ಕೆ ಹೊರಗಿನಿಂದ ಬಿಷಪ್ಪರು ಬಂದಿದ್ದರು. ಅವರು ಕುರಿ ಸಾರು ಕಲಸಿದ ಒಂದು ತುತ್ತು ಬಾಯಿಗಿಟ್ಟು, ಎರಡು ಲೋಟ ನೀರು ಕುಡಿದು, ಬಹಳ ಸಮಾಧಾನದಿಂದ "ಮೊಸರನ್ನ ಇದೆಯಾ?" ಎಂದು ಕೇಳಿದರು. ಹಂಡೆಗೆ ಎರಡು ಸಲ ಉಪ್ಪು ಬಿದ್ದಿತ್ತು.

"ಉಪ್ಪು ನಿಂದು, ನಾನು ಮುಟ್ಟೇ ಇಲ್ಲ" ಎಂದಳು ಪ್ರಕಾಶಮ್ಮ. "ನಿನ್ನ ಕೈ ಉಪ್ಪಿನ ಮರಿಗೇಲಿ ಇದ್ದಿದ್ದು ನಾನೇ ನೋಡ್ದೆ" ಎಂದಳು ಲೂರ್ದಮ್ಮ. ಇಬ್ಬರೂ ಊರಿನವರೆಲ್ಲರ ಮುಂದೆ, ಸತ್ತ ತಾಯಿಯ ಮೇಲೆ ಆಣೆ ಇಟ್ಟರು. ತಾಯಿಯ ಹೆಸರು ಬಂದ ಮೇಲೆ ಹಿಂದೆ ಸರಿಯುವುದು ಇಬ್ಬರಿಗೂ ಆಗಲಿಲ್ಲ. ಅವತ್ತಿನಿಂದ ಮಾತು ನಿಂತಿತು. ಹಬ್ಬದೂಟ ಪರವೂರಿನ ಅಡುಗೆಯವರ ಪಾಲಾಯಿತು, ನಾವು ಅವರ ಸಪ್ಪೆ ಸಾರನ್ನು ಬಾಯಿ ಮುಚ್ಚಿಕೊಂಡು ಉಂಡೆವು. ಅಕ್ಕತಂಗಿಯರಿಬ್ಬರೂ "ನೀರು ಸಿಹಿಯಾಗಲಿ, ಆಮೇಲೆ ನೋಡೋಣ" ಎಂದುಕೊಂಡು ಎದುರುಬದುರು ಬಾಗಿಲು ಹಾಕಿಕೊಂಡು ಬದುಕಿದರು.

ಹೀಗಿರುವಾಗ ಪ್ರಕಾಶಮ್ಮನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ಎದ್ದ ಮೊದಲ ದಿನ ಬಾವಿಯ ನೀರು ಬಾಯಿಗೆ ಹಾಕಿಕೊಂಡಳು. ಉಪ್ಪೂ ಇಲ್ಲ, ಸಿಹಿಯೂ ಇಲ್ಲ. ಗಾಬರಿಯಾಗಿ ಮನೆಗೆ ಹೋಗಿ ಬೆಲ್ಲ ತಿಂದಳು, ಹಸಿಮೆಣಸಿನಕಾಯಿ ಕಚ್ಚಿದಳು, ಕೊನೆಗೆ ಹಾಗಲಕಾಯಿಯನ್ನೂ ಅಗಿದು ನೋಡಿದಳು. ಎಲ್ಲವೂ ಒಂದೇ, ಒದ್ದೆ ಬಟ್ಟೆ ಅಗಿದ ಹಾಗೆ. ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ "ಉಪ್ಪಾ, ಪ್ರಕಾಶಕ್ಕ?" ಎಂದೆ. ಅವಳು ನಿಂತಳು, ಬಾಯಿ ತೆರೆದಳು, ಉತ್ತರ ಕೊಡದೆ ಚರ್ಚಿನ ಕಡೆಗೆ ಹೊರಟುಹೋದಳು.

ನಮ್ಮ ಫಾದರ್ ಪರವೂರಿನವರು. ಬಾವಿಯ ವಿಚಾರ ಅವರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಆದರೆ ಅವರೂ ದಿನಾ ಬೆಳಿಗ್ಗೆ ಒಂದು ಗುಟುಕು ಕುಡಿಯುತ್ತಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಫಾದರ್, ಇನ್ಮೇಲೆ ನಂಗೆ ಕರೆ ಬಂದ್ರೆ ಗೊತ್ತಾಗೋದು ಹೆಂಗೆ?" ಎಂದು ಪ್ರಕಾಶಮ್ಮ ಕೇಳಿದಳು.

"ಗೊತ್ತಾಗಲ್ಲಮ್ಮ. ಈ ಊರು ಬಿಟ್ರೆ ಲೋಕದಲ್ಲಿ ಯಾರಿಗೂ ಗೊತ್ತಾಗಲ್ಲ."

"ಅಯ್ಯೋ ದೇವ್ರೇ! ಹಂಗಾದ್ರೆ ಅವರೆಲ್ಲ ದಿನಾ ರೆಡಿಯಾಗೇ ಇರ್ತಾರಾ?"

"ಇರಬೇಕು ಅಂತ ಯೇಸುಸ್ವಾಮಿ ಹೇಳಿದ್ದಾರೆ."

"ಇರಬೇಕಾ ಅಂತ ಕೇಳ್ಲಿಲ್ಲ ಫಾದರ್. ಇರ್ತಾರಾ ಅಂತ ಕೇಳ್ದೆ."

ಫಾದರ್ ಗಂಟಲು ಸರಿಮಾಡಿಕೊಂಡು, "ನಿಜ ಹೇಳ್ಬೇಕಂದ್ರೆ, ಇರಲ್ಲಮ್ಮ" ಎಂದರಂತೆ.

ಆ ಮಾತು ಕೇಳಿ ಪ್ರಕಾಶಮ್ಮನಿಗೆ ಅಳು ಬಂತು. ಸಾಯುವುದಕ್ಕೆ ಅವಳು ಹೆದರಿದವಳಲ್ಲ. ತೊಳೆಯದ ಪಾತ್ರೆಯ ಹಾಗೆ ದೇವರ ಮುಂದೆ ಹೋಗಿ ಕೂರಬೇಕಲ್ಲ ಎಂಬುದು ಅವಳ ಭಯ. ಅಲ್ಲಿ ತಾಯಿ ಇರುತ್ತಾಳೆ. ನನ್ನ ಹೆಸರಲ್ಲಿ ಆಣೆ ಇಟ್ಟು ತಂಗಿಯನ್ನು ಬಿಟ್ಟು ಬಂದೆಯಾ ಎಂದು ಕೇಳುತ್ತಾಳೆ. ಅವಳು ಕಣ್ಣೊರೆಸಿಕೊಂಡು, ಈಗಲೇ ಪಾಪನಿವೇದನೆ ಮಾಡಿಸಿ ಎಂದು ಹಟ ಹಿಡಿದಳು. ಫಾದರ್ ಗೂಡಿನಿಂದ ಪೊರಕೆಗಳನ್ನು ಹೊರಗೆ ಹಾಕಿ, ಕುರ್ಚಿ ಸರಿಸಿ, ದೂಳಿಗೆ ನಾಲ್ಕು ಸಲ ಸೀನಿ, ಅವಳ ಮಾತನ್ನೆಲ್ಲ ಕೇಳಿದರು. ಕೊನೆಗೆ ಪ್ರಾಯಶ್ಚಿತ್ತವಾಗಿ, ತಂಗಿಯ ಮನೆಗೆ ಹೋಗು ಎಂದರು.

"ಬೇರೆ ಏನಾದ್ರೂ ಕೊಡಿ ಫಾದರ್. ಎಷ್ಟು ಜಪಸರ ಬೇಕಾದ್ರೂ ಹೇಳ್ತೀನಿ."

"ಜಪಸರ ಬೇಡಮ್ಮ. ರಸ್ತೆ ದಾಟಿ, ಸಾಕು."

ಅವತ್ತು ಮಧ್ಯಾಹ್ನ ನಾನು ಒಬ್ಬರ ಗಡ್ಡ ಹೆರೆಯುತ್ತಿದ್ದೆ. ಕನ್ನಡಿಯಲ್ಲಿ ಪ್ರಕಾಶಮ್ಮ ರಸ್ತೆ ದಾಟುವುದು ಕಂಡಿತು. ಕತ್ತಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಲೂರ್ದಮ್ಮ ಜಗುಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಲೂರ್ದೂ," ಎಂದಳು ಅಕ್ಕ. "ಅವತ್ತು ಅಷ್ಟು ಜನರ ಮುಂದೆ ನಿನ್ನ ಅಂದಿದ್ದು ತಪ್ಪಾಯ್ತು ಕಣೇ. ಮನಸಲ್ಲಿ ಇಟ್ಕೋಬೇಡ."

ಲೂರ್ದಮ್ಮನ ಕೈಯಿಂದ ಮೊರ ಜಾರಿತು. "ಅಯ್ಯೋ ನನ್ನಕ್ಕಾ! ಸಿಹಿಯಾಗ್ಬಿಡ್ತೇನೇ!" ಎಂದು ಎದೆ ಬಡಿದುಕೊಂಡು ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು.

"ಇಲ್ಲ ಕಣೇ, ಕೇಳಿಲ್ಲಿ..."

"ಸುಮ್ನಿರು, ಮಾತಾಡಿ ಆಯಾಸ ಮಾಡ್ಕೋಬೇಡ."

ಬೀದಿಯೆಲ್ಲ ಬಂತು. ಸುಳ್ಳೇಕೆ, ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಬಿಟ್ಟು ನಾನೂ ಓಡಿದೆ. ನಮ್ಮೂರಿನಲ್ಲಿ ಚೆನ್ನಾಗಿರುವವರು ಕ್ಷಮೆ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ, ಆದ್ದರಿಂದ ಯಾರಿಗೂ ಅನುಮಾನವೇ ಬರಲಿಲ್ಲ. ಪ್ರಕಾಶಮ್ಮ ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ಒಂದು ಚಮಚ ಪಾಯಸ ತುರುಕುತ್ತಿದ್ದರು. ಶವಪೆಟ್ಟಿಗೆ ಮಾಡುವ ಬಡಗಿ ಚೌರಪ್ಪ ದಾರ ಹಿಡಿದು ಬಂದು, ಅವಳನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು, "ಒಳ್ಳೆ ಹಲಸಿನ ಹಲಗೆ ಐತೆ ಅಕ್ಕ, ಯೋಚ್ನೆ ಮಾಡ್ಬೇಡ" ಎಂದು ಸಮಾಧಾನ ಹೇಳಿ ಕೆಲಸಕ್ಕೆ ಕೂತ. ಸಂಜೆಗೆ, ಪ್ರಕಾಶಮ್ಮ ಹಾಸಿಗೆ ಹಿಡಿದಳು ಎಂದು ಯಾರೋ ಹೇಳಿದ್ದನ್ನು ನಂಬಿ ಫಾದರ್ ಸಾಯುವವರಿಗೆ ಹಚ್ಚುವ ಪವಿತ್ರ ತೈಲದ ಸೀಸೆ ಹಿಡಿದು ಏದುಸಿರು ಬಿಡುತ್ತಾ ಬಂದರು. ಅವರನ್ನು ಕಂಡು ಜನ ಸುಮ್ಮನಾದಾಗ ಪ್ರಕಾಶಮ್ಮನಿಗೆ ಮಾತಾಡಲು ಎಡೆ ಸಿಕ್ಕಿತು.

"ನಂಗೆ ಏನೂ ಸಿಹಿಯಾಗಿಲ್ಲ. ನಾಲಿಗೆ ಸತ್ತುಹೋಗೈತೆ ಅಷ್ಟೇ. ಯಾವತ್ತು ಹೋಗ್ತೀನೋ ಗೊತ್ತಾಗಲ್ಲ, ಅದಕ್ಕೇ ಇವತ್ತೇ ಬಂದೆ."

ಲೂರ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂದ್ರೆ ನೀನು ಸಾಯ್ತಿಲ್ವಾ?"

"ನಂಗೊತ್ತಿಲ್ಲ ಕಣೇ."

"ಸಾಯ್ದೇ ಇರೋಳು ಯಾಕೆ ಬಂದೆ ಮತ್ತೆ? ನನ್ನ ಕಣ್ಣೀರೆಲ್ಲ ದಂಡ ಮಾಡಿದ್ಯಲ್ಲೇ! ಹೋಗು, ನಿಜವಾಗ್ಲೂ ಸಿಹಿಯಾದಾಗ ಬಾ. ಆವಾಗ ಕ್ಷಮಿಸ್ತೀನಿ."

"ಸಿಹಿಯಾದ್ರೂ ನಂಗೆ ತಿಳಿಯಲ್ವಲ್ಲೇ, ಲೂರ್ದೂ."

ಬಾಗಿಲು ಮುಚ್ಚಿಕೊಂಡಿತು. ಊರಿನವರಿಗೂ ಸಿಟ್ಟು ಬಂದಿತ್ತು. ಪಾಯಸ ತಂದವರು ಪಾತ್ರೆ ವಾಪಸು ಒಯ್ದರು. ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಂಡೆವು ಎಂದು ಕೆಲವರು ಬಾಯಿಬಿಟ್ಟೇ ಹೇಳಿದರು. ಚೌರಪ್ಪನಂತೂ ಕೊಯ್ದ ಹಲಗೆಯನ್ನು ಏನು ಮಾಡಲಿ ಎಂದು ರಂಪ ಮಾಡಿ, ಮುಗಿಸಿದ ಪೆಟ್ಟಿಗೆಯನ್ನು ತಂದು ಅವಳ ನಡುಮನೆಯಲ್ಲಿ ಇಳಿಸಿಹೋದ. ಪ್ರಕಾಶಮ್ಮ ಎರಡು ದಿನ ಅದನ್ನು ನೋಡಿದಳು. ಮೂರನೆಯ ದಿನ ಅದರಲ್ಲಿ ಈರುಳ್ಳಿ ತುಂಬಿಸಿಟ್ಟಳು.

ಆಮೇಲೆ ಅವಳು ಹಿಡಿದ ದಾರಿಯೇ ಬೇರೆ. ಸಂಜೆಯ ಪ್ರಾರ್ಥನೆ ಮುಗಿಸಿ ಮನೆಮನೆಗೆ ಹೋಗಿ, "ನನ್ನ ಮೇಲೆ ನಿಮಗೇನಾದ್ರೂ ಐತಾ?" ಎಂದು ಕೇಳತೊಡಗಿದಳು. ಊರು ಅವಳಿಗೆ ಸುಳ್ಸಾವಿನ ಪ್ರಕಾಶಮ್ಮ ಎಂದು ಹೆಸರಿಟ್ಟು ನಕ್ಕಿತು. ನನ್ನನ್ನೂ ಕೇಳಿದಳು. ತಮಾಷೆಗೆ, "ಹೋದ ವರ್ಷ ನಿನ್ನ ಮೇಕೆ ನಮ್ಮ ಬಸಳೆ ಬಳ್ಳಿ ಮೇದಿತ್ತಲ್ಲ ಅಕ್ಕ, ಅದು ಐತೆ" ಎಂದೆ. ಮಾರನೆಯ ದಿನ ಅಂಗಡಿಯ ಪಕ್ಕದಲ್ಲಿ ಬಸಳೆ ಕಡ್ಡಿ ನೆಟ್ಟು ನೀರು ಹಾಕುತ್ತಿದ್ದಳು. ನನಗೆ ನಾಚಿಕೆಯಾಯಿತು. ಬಳ್ಳಿ ಚೆನ್ನಾಗಿ ಹಬ್ಬಿತು ಎಂಬುದು ಬೇರೆ ಮಾತು.

ಎಲ್ಲ ಮನೆ ಮುಗಿಸಿ ಕೊನೆಗೆ ತಂಗಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. "ಲೂರ್ದೂ, ಬಂದಿದ್ದೀನಿ ಕಣೇ" ಎನ್ನುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಹೋಗುತ್ತಿದ್ದಳು. ನಾನು ದಿನವೂ ಮುಖ ನೋಡಿ ಹೊಟ್ಟೆ ಹೊರೆಯುವವನು. ಅವಳ ಮುಖದ ಗಂಟುಗಳು ಒಂದೊಂದೇ ಬಿಚ್ಚಿಕೊಂಡವು. ನಡೆಯುವಾಗ ಹಾಡಿನ ಸಾಲುಗಳನ್ನು ಗುನುಗುತ್ತಿದ್ದಳು. "ಈಗ ಭಯ ಇಲ್ವಾ ಅಕ್ಕ?" ಎಂದು ಒಂದು ದಿನ ಕೇಳಿದೆ. "ದೇವರ ಭಯ ಹೋಯ್ತು ಇನ್ನಾಸಿ. ಇವತ್ತೇ ಕರೆದ್ರೂ ಸೆರಗು ಕೊಡವಿ ಎದ್ದು ಹೋಗ್ತೀನಿ. ಅದೊಂದು ಮಾತ್ರ ಮುಳ್ಳು" ಎಂದು ಎದುರು ಮನೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಇಷ್ಟರಲ್ಲಿ ಚೌರಪ್ಪನ ಸರದಿ ಬಂತು. ಬೆಳಿಗ್ಗೆ ನಗುನಗುತ್ತಲೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. "ಸಿಹಿಯಾಯ್ತು ಇನ್ನಾಸಿ. ಎಳನೀರು ಎಳನೀರು ಇದ್ದಂಗಿತ್ತು" ಎಂದ. ಅವನಿಗೂ ತಮ್ಮ ದಾವೀದಪ್ಪನಿಗೂ ಮನೆ ಭಾಗವಾದಾಗಿನಿಂದ ಮಾತಿಲ್ಲ, ನಡುವೆ ಒಂದು ಗೋಡೆ ಅಷ್ಟೇ. "ದಾವೀದನ ಹತ್ರ ಹೋಗ್ಬೇಕು. ಇಷ್ಟು ವರ್ಷ ಆದ್ಮೇಲೆ ಹೋಗೋದು, ಗಡ್ಡ ಬಿಟ್ಕೊಂಡು ಹೋಗಕ್ಕಾಗುತ್ತಾ? ನುಣ್ಣಗೆ ಹೆರಿ" ಎಂದ. ನಾನು ನೊರೆ ಹಚ್ಚಿದೆ. ಒಂದು ಕೆನ್ನೆ ಮುಗಿಸಿ ಇನ್ನೊಂದು ಕಡೆಗೆ ಬರುವಷ್ಟರಲ್ಲಿ ಅವನ ತಲೆ ನನ್ನ ಕೈಮೇಲೆ ವಾಲಿತು. ಎರಡು ದಿನವೂ ಇಲ್ಲ, ಎರಡು ಕೆನ್ನೆಗೂ ಸಮಯ ಸಿಗಲಿಲ್ಲ.

ಸುದ್ದಿ ಹೇಳಲು ನಾನೇ ದಾವೀದಪ್ಪನ ಮನೆಗೆ ಹೋಗಬೇಕಾಯಿತು. ಅಣ್ಣನ ನೀರು ಸಿಹಿಯಾದದ್ದು ಅವನಿಗೆ ಆಗಲೇ ತಿಳಿದಿತ್ತು. ಬಾಗಿಲು ಹಾರುಹೊಡೆದು, ಚಾಪೆ ಹಾಸಿ, ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಕಾಯುತ್ತಾ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ಲೋಟದ ಮೇಲಿನ ತಟ್ಟೆಯನ್ನು ತೆಗೆದು, ಮತ್ತೆ ಮುಚ್ಚಿದ. "ನಾನೇನು ಅವನ ಗಡ್ಡ ನೋಡ್ತಿದ್ನಾ, ಇನ್ನಾಸಣ್ಣ?" ಎಂದ. ಅವನ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಊರಿಗೆಲ್ಲ ಪೆಟ್ಟಿಗೆ ಮಾಡಿದವನಿಗೆ ಪೆಟ್ಟಿಗೆ ಮಾಡುವವರು ಯಾರೂ ಇರಲಿಲ್ಲ. ನಾವೆಲ್ಲ ತಲೆ ಕೆರೆದುಕೊಂಡು ನಿಂತಿದ್ದಾಗ ಪ್ರಕಾಶಮ್ಮ ತನ್ನ ಪೆಟ್ಟಿಗೆಯನ್ನು ಹೊಸ್ತಿಲಿನವರೆಗೂ ಎಳೆದು ತಂದು ಮಗುಚಿದಳು. ಈರುಳ್ಳಿ ಬೀದಿಯ ತುಂಬ ಉರುಳಿತು. "ತಗೊಂಡು ಹೋಗ್ರಪ್ಪ. ನಂಗೆ ಇನ್ನೊಂದಾದೀತು" ಎಂದಳು. ಅವಳ ಅಳತೆಯ ಪೆಟ್ಟಿಗೆ ಚೌರಪ್ಪನಿಗೆ ಗಿಡ್ಡವಾಯಿತು, ಮಂಡಿ ಸ್ವಲ್ಪ ಮಡಿಸಬೇಕಾಯಿತು. ಹಲಗೆ ಉಳಿಸುವುದರಲ್ಲಿ ಅವನು ಎತ್ತಿದ ಕೈಯಾಗಿದ್ದ, ಅದರ ಫಲವನ್ನು ತಾನೇ ಉಂಡ ಎಂದು ಯಾರೋ ಅಂದರು. ಅಷ್ಟು ದುಃಖದಲ್ಲಿಯೂ ದಾವೀದಪ್ಪ ನಕ್ಕ, ನಕ್ಕು ಮತ್ತೆ ಅತ್ತ. ಆ ಹೊತ್ತಿಗೆ ಲೂರ್ದಮ್ಮ ತನ್ನ ಜಗುಲಿಯ ಮೇಲೆ ನಿಂತಿದ್ದಳು. ಉರುಳಿದ ಈರುಳ್ಳಿಯಲ್ಲಿ ಕೆಲವು ಅವಳ ಮೆಟ್ಟಿಲಿಗೆ ಬಂದು ನಿಂತಿದ್ದವು. ಅವಳು ಬಗ್ಗಿ ಒಂದೊಂದನ್ನೇ ಹೆಕ್ಕಿ ಮಡಿಲಿಗೆ ಹಾಕಿಕೊಂಡು ಒಳಗೆ ಹೋದದ್ದನ್ನು ನಾನು ಕಂಡೆ.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ, ನಾನು ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಲೂರ್ದಮ್ಮ ಸೆರಗಿನಲ್ಲಿ ಏನೋ ಕಟ್ಟಿಕೊಂಡು ರಸ್ತೆ ದಾಟಿದಳು. ಅಂಗಳ ಗುಡಿಸುತ್ತಿದ್ದ ಪ್ರಕಾಶಮ್ಮ ತಲೆಯೆತ್ತಿ ನೋಡಿದಳು. ಪೊರಕೆ ಕೈಯಿಂದ ಬಿತ್ತು. ನಮ್ಮೂರಿನಲ್ಲಿ ಹಗೆಯ ಬಾಗಿಲಿಗೆ ಹೋಗುವುದೆಂದರೆ ಒಂದೇ ಅರ್ಥ ತಾನೇ?

"ಲೂರ್ದೂ!" ಎಂದು ಪ್ರಕಾಶಮ್ಮ ಕೂಗಿದಳು. "ನಿಂಗೆ ಸಿಹಿಯಾಯ್ತೇನೇ, ನನ್ನ ಕಂದಾ?"

"ಇಲ್ಲ ಕಣಕ್ಕ. ಉಪ್ಪೇ. ಈಗ್ತಾನೇ ಕುಡಿದು ಬಂದೆ. ಬಾಯೆಲ್ಲ ಉಪ್ಪು."

"ಮತ್ತೆ ಯಾಕೆ ಬಂದೆ?"

"ನಿನ್ನ ಈರುಳ್ಳಿ ನಮ್ಮ ಮೆಟ್ಲಿಗೆ ಬಂದಿತ್ತು, ಕೊಡೋಣ ಅಂತ" ಎಂದಳು ಲೂರ್ದಮ್ಮ. ಸೆರಗು ಸಡಿಲವಾಗಿ ಈರುಳ್ಳಿಯೆಲ್ಲ ಮತ್ತೆ ಉರುಳಿಹೋಯಿತು. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ನಾನು ಎಷ್ಟೋ ಸಿಹಿಮಾತುಗಳನ್ನು ಕಂಡವನು. ಉಪ್ಪಿನ ಬಾಯಲ್ಲಿ ಆಡಿದ ಮಾತು ಅದೇ ಮೊದಲು.

ಅತ್ತು ಮುಗಿದ ಮೇಲೆ ಲೂರ್ದಮ್ಮ, "ಅಕ್ಕ, ಅವತ್ತು ಎರಡನೇ ಸಲ ಉಪ್ಪು ಹಾಕಿದ್ದು ನಾನೇ ಇರ್ಬೇಕು. ಬಿಷಪ್ಪರು ಬಂದ್ರು ಅನ್ನೋ ಗಡಿಬಿಡೀಲಿ ಮರೆತಿದ್ದೆ" ಎಂದಳು.

"ಸುಳ್ಳು ಹೇಳ್ಬೇಡ. ನಾನೇ ಹಾಕಿದ್ದು. ನೀನು ಮರ್ತಿದ್ದೀಯ ಅಂದ್ಕೊಂಡು ಒಂದು ಹಿಡಿ ಹಾಕ್ದೆ. ಪಾಪನಿವೇದನೇಲೂ ಹೇಳಿದ್ದೀನಿ."

"ನಿಂಗೇನು ಗೊತ್ತು? ಉಪ್ಪಿನ ಕೈ ನಂದು. ತಪ್ಪೂ ನಂದೇ!"

"ದೊಡ್ಡೋಳು ನಾನು. ನಾನೇ ಅಂದ್ರೆ ನಾನೇ!"

ದನಿ ಏರಿತು, ಬೀದಿ ಸೇರಿತು. ಮತ್ತೆ ಜಗಳ ಹತ್ತಿಕೊಂಡಿತು ಎಂದು ಜನ ಓಡಿ ಬಂದರೆ, ತಪ್ಪು ನನ್ನದು ನನ್ನದು ಎಂದು ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಡೆದಾಡುವುದೊಂದು ಬಾಕಿ ಇತ್ತು. ನಿಜವಾಗಿ ಹಾಕಿದ್ದು ಯಾರೋ ಇವತ್ತಿಗೂ ತೀರ್ಮಾನವಾಗಿಲ್ಲ.

ಆ ವರ್ಷದ ಹಬ್ಬದೂಟ ಅವರದ್ದೇ. ಬೆಂಕಿಯ ಮುಂದೆ ಅಕ್ಕ, ಉಪ್ಪಿನ ಮರಿಗೆಯ ಪಕ್ಕದಲ್ಲಿ ತಂಗಿ. ಪ್ರಕಾಶಮ್ಮನಿಗೆ ತಾನು ಮಾಡಿದ್ದರ ರುಚಿ ತಿಳಿಯುತ್ತಿರಲಿಲ್ಲ, ಉಣ್ಣುವವರ ಮುಖ ನೋಡಿ ನಗುತ್ತಿದ್ದಳು. ಊರೂ ನಿಧಾನವಾಗಿ ಬದಲಾಯಿತು. ಎಲ್ಲರೂ ಸಂತರಾದರು ಎಂದೇನೂ ಹೇಳುವುದಿಲ್ಲ, ನಾನೂ ಇಲ್ಲೇ ಇದ್ದೇನಲ್ಲ. ಆದರೆ ಪೊರಕೆಗಳಿಗೆ ಫಾದರ್ ಬೇರೆ ಜಾಗ ಹುಡುಕಬೇಕಾಯಿತು. ಸಂಜೆಯಾದರೆ ಯಾರಾದರೂ ಒಬ್ಬರು ಇನ್ನೊಬ್ಬರ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತದೆ. ಕೆಲವರು ಬಾವಿಯ ಕಡೆ ಹೋಗುವುದನ್ನೇ ಬಿಟ್ಟರು.

ಪ್ರಕಾಶಮ್ಮ ಹೋದದ್ದು ಆಮೇಲೆ ಎಷ್ಟೋ ಹಬ್ಬಗಳು ಕಳೆದ ಮೇಲೆ. ಎಳೆ ಬಿಸಿಲಿನಲ್ಲಿ ತಂಗಿಯ ಜಗುಲಿಯ ಮೇಲೆ ಕೂತು ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದರು. ಮಾತಾಡುತ್ತಾ ಆಡುತ್ತಾ ಅವಳು ಗೋಡೆಗೆ ಒರಗಿದಳು, ಕೈಯಲ್ಲೊಂದು ಕಾಯಿ ಹಾಗೇ ಇತ್ತು. ಲೂರ್ದಮ್ಮ ಕರೆದದ್ದು ಕೇಳಿ ನಾವೆಲ್ಲ ಹೋದೆವು. ಯಾರೂ ಬಾಯಿ ಬಡಿದುಕೊಳ್ಳಲಿಲ್ಲ, ಅಯ್ಯೋ ಇದೊಂದು ಹೇಳಬೇಕಿತ್ತು ಎಂದು ಯಾರೂ ಅನ್ನಲಿಲ್ಲ. ಹೇಳಬೇಕಾದ್ದನ್ನೆಲ್ಲ ಅವಳು ಸಂಜೆ ಸಂಜೆಯೂ ಬಂದು ಹೇಳಿಸಿಕೊಂಡಿದ್ದಳು. ಫಾದರ್ ಅವಳ ಹಣೆಗೆ ತೈಲ ಹಚ್ಚಿ ಪ್ರಾರ್ಥಿಸಿದರು. ಅವಳ ಮುಖದಲ್ಲಿ, ಯಾರೋ ಹೊರಗಿನಿಂದ ಕರೆದಾಗ ಬಂದೆ ಬಂದೆ ಎನ್ನುವವರ ಕಳೆ ಇತ್ತು.

ಲೂರ್ದಮ್ಮ ಬಾವಿಯಿಂದ ಒಂದು ಲೋಟ ನೀರು ತರಿಸಿದಳು. ಅಕ್ಕನ ತುಟಿಯನ್ನು ಬೆರಳಿನಿಂದ ಒದ್ದೆ ಮಾಡಿ, ಉಳಿದ ನೀರನ್ನು ತಾನು ಕುಡಿದಳು. ನಾವೆಲ್ಲ ಅವಳ ಮುಖವನ್ನೇ ನೋಡಿದೆವು. ಅವಳು ಮುಖ ಕಿವುಚಿದಳು, ಕಿವುಚಿದ ಮುಖದಲ್ಲಿಯೇ ನಕ್ಕಳು.

"ನೀನು ನಡಿ ಅಕ್ಕ," ಎಂದಳು. "ನಂದಿನ್ನೂ ಉಪ್ಪೇ. ಇದೊಂದಿಷ್ಟು ಬಿಡಿಸಿ ಬರ್ತೀನಿ."

ಅಕ್ಕನ ಕೈಯಲ್ಲಿದ್ದ ಅವರೆಕಾಯಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಸುಲಿದು, ಕಾಳನ್ನು ಮೊರಕ್ಕೆ ಹಾಕಿದಳು.